ಕಬ್ಬಿಣದ ಕಡಲಿನ ಆಳ್ವಿಕೆ

ಚಿಕ್ಕಮಗಳೂರಿನ ಗಿರಿಸೀಮೆಯ ಚರಿತ್ರೆಯನ್ನು ನಾವು ಮೂಡಿಗೆರೆ ಸೀಮೆಯ ಅಂಗಡಿ ಗ್ರಾಮದಿಂದ, ಹುಲಿಯನ್ನು ಹೊಡೆದ ಹೊಯ್ಸಳ ಮೂಲಪುರುಷ ಸಳನ ಐತಿಹ್ಯದಿಂದ ಆರಂಭಿಸುವುದು ವಾಡಿಕೆ. ಅಲ್ಲಿಂದ ವಿನಯಾದಿತ್ಯನ ರಾಜ್ಯವಿಸ್ತಾರ, 1116ರಲ್ಲಿ ತಲಕಾಡನ್ನು ಗೆದ್ದು ಮರುವರ್ಷವೇ ಬೇಲೂರಿನಲ್ಲಿ ವಿಜಯನಾರಾಯಣನನ್ನು ಪ್ರತಿಷ್ಠಾಪಿಸಿದ ವಿಷ್ಣುವರ್ಧನನ ವೈಭವ, ಶತಮಾನಗಳಾಚೆ ಮಲಿಕ್ ಕಾಫೂರನ ದಂಡಯಾತ್ರೆಗೆ ನಲುಗಿದ ದೋರಸಮುದ್ರ, ಕಳಸ ಕಾರ್ಕಳಗಳನ್ನು ಜೊತೆಯಾಗಿ ಆಳಿದ ಭೈರರಸರು, ಅವರನ್ನು ಹಿಂದಿಕ್ಕಿದ ಕೆಳದಿಯ ನಾಯಕರು, ಯೆಮನಿನ ಮೋಖಾದಿಂದ ಏಳು ಬೀಜ ತಂದರೆಂದು ಜನ ನಂಬಿದ ಬಾಬಾ ಬುಡನ್, ಅವರ ಬೀಜದಿಂದ ಬೆಳೆದ ತೋಟಗಳ ಯುಗ, ಹೀಗೆ ವಂಶಾವಳಿ ಸಾಗುತ್ತದೆ. ಒಂದು ಸಾವಿರ ವರ್ಷಗಳ ಈ ಕಥನ ನಮ್ಮ ಅಭಿಮಾನಕ್ಕೆ ಸಾಕಷ್ಟು ದೊಡ್ಡದು. ಆದರೆ ಈ ರಾಜರೆಲ್ಲ ಏರಿ ನಿಂತ ಪೀಠ ಅವರಿಗಿಂತ ಹಳೆಯದು. ಆ ಪೀಠವನ್ನು ಕಟ್ಟಿದ ಅರಸು ಮನುಷ್ಯನಲ್ಲ. ಮುಳ್ಳಯ್ಯನಗಿರಿಯಿಂದ ಕುದುರೆಮುಖದವರೆಗಿನ ಈ ಶಿಖರಗಳ ಮೇಲೆ ಮೊದಲು ಸಾರ್ವಭೌಮತ್ವ ನಡೆಸಿದ್ದು ಸಮುದ್ರ. ಅದರ ಉದಯ, ವಿಸ್ತಾರ, ಪತನಗಳಿಗೆ ತಾಮ್ರಪಟಗಳಿಲ್ಲ, ಕಬ್ಬಿಣದ ಪಟಗಳಿವೆ. ಅವು ಇಂದಿಗೂ ನಮ್ಮ ತೋಟಗಳ ನೆತ್ತಿಯ ಮೇಲೆ ನಿಂತಿವೆ.

ಪ್ರಾಚೀನ ಸಮುದ್ರದ ಸಾಕ್ಷಿ ಎಂದೊಡನೆ ಮನಸ್ಸು ಶಂಖ, ಚಿಪ್ಪು, ಮೀನಿನ ಮುಳ್ಳುಗಳನ್ನು ಹುಡುಕುತ್ತದೆ. ತಮಿಳುನಾಡಿನ ಅರಿಯಲೂರಿನ ಸುಣ್ಣಕಲ್ಲಿನಲ್ಲಿ, ಗುಜರಾತಿನ ಕಚ್ಛದ ಬೆಟ್ಟಗಳಲ್ಲಿ ಅಂಥ ಸಾಕ್ಷಿ ಹೇರಳ: ಸುರುಳಿಸುತ್ತಿದ ಅಮ್ಮೊನೈಟುಗಳು, ದಪ್ಪ ಕವಚದ ಸಿಂಪಿಗಳು ಅಲ್ಲಿ ಕಲ್ಲಾಗಿ ಕುಳಿತಿವೆ, ಡೈನೋಸಾರುಗಳ ಕಾಲದ ಕಡಲು ಎಲ್ಲಿಯವರೆಗೆ ಬಂದಿತ್ತು, ಎಲ್ಲಿ ನಿಂತಿತು ಎಂಬ ಗಡಿರೇಖೆಯನ್ನು ಅವುಗಳಿಂದಲೇ ಎಳೆಯಬಹುದು. ಕಳಸದ ಕಣಿವೆಯಲ್ಲೋ ಬಾಳೆಹೊನ್ನೂರಿನ ಹೊಳೆಯ ದಡದಲ್ಲೋ ಬಂಡೆ ಒಡೆದು ನೋಡಿದವನಿಗೆ ಒಂದು ಶಂಖವೂ ಸಿಗುವುದಿಲ್ಲ. ಅದರಿಂದ ಈ ನೆಲಕ್ಕೆ ಸಮುದ್ರದ ನಂಟೇ ಇಲ್ಲವೆಂದು ತೀರ್ಮಾನಿಸಿದವನು ದೊಡ್ಡ ವಂಶವೊಂದನ್ನು ಇತಿಹಾಸದಿಂದಲೇ ಅಳಿಸಿದಂತಾಗುತ್ತದೆ. ಇಲ್ಲಿ ಚಿಪ್ಪಿಲ್ಲದಿರುವುದಕ್ಕೆ ಕಾರಣ ಕಡಲಿನ ಅಭಾವವಲ್ಲ, ಕಡಲಿನ ವಯಸ್ಸು. ಚಿಪ್ಪು ಕಟ್ಟಿಕೊಳ್ಳುವ ವಿದ್ಯೆಯನ್ನು ಪ್ರಾಣಿಗಳು ಕಲಿತು ಇನ್ನೂ 55 ಕೋಟಿ ವರ್ಷ ಕಳೆದಿದೆ, ಅಷ್ಟೆ. ನಮ್ಮ ಬೆಟ್ಟಗಳ ಸಮುದ್ರ ಅದಕ್ಕಿಂತ 200 ಕೋಟಿ ವರ್ಷಕ್ಕೂ ಹಿಂದಿನದು. ಅಂದಿನ ಪ್ರಜೆಗಳಿಗೆ ಎಲುಬಿರಲಿಲ್ಲ, ಕವಚವಿರಲಿಲ್ಲ, ಕಣ್ಣಿಗೆ ಕಾಣುವ ದೇಹವೂ ಇರಲಿಲ್ಲ. ಅವರು ದೇಹವನ್ನು ಬಿಟ್ಟುಹೋಗಲಿಲ್ಲ, ಬೆಟ್ಟವನ್ನು ಬಿಟ್ಟುಹೋದರು.

ಆ ಸಮುದ್ರ ಬರುವ ಮುನ್ನ ಇಲ್ಲಿದ್ದದ್ದು ಬೋಳು ನೆಲ. ಇಂದು ಚಿಕ್ಕಮಗಳೂರು ಗ್ರಾನೈಟ್ ಎಂದು ಭೂವಿಜ್ಞಾನಿಗಳು ಕರೆಯುವ ಶಿಲೆ ಸುಮಾರು 310 ಕೋಟಿ ವರ್ಷಗಳ ಹಿಂದೆ ಪಾತಾಳದಲ್ಲಿ ಕುದಿದು, ತಣಿದು, ಮೇಲೇರಿ, ಗಾಳಿಮಳೆಗೆ ಮೈಯೊಡ್ಡಿ ನಿಂತಿತ್ತು. ಹುಲ್ಲಿಲ್ಲ, ಹಾವಸೆಯಿಲ್ಲ, ಬೇರು ಹಿಡಿದಿಡುವ ಮಣ್ಣಿಲ್ಲ. ಬಿದ್ದ ಮಳೆಯೆಲ್ಲ ತಡೆಯಿಲ್ಲದೆ ಹರಿದು ಬಂಡೆಯನ್ನು ಸವೆಸಿ, ಕಲ್ಲುಗಳನ್ನು ಉರುಳಿಸಿ, ಉರುಟಾಗಿಸಿ, ತಗ್ಗಿಗೆ ತಂದು ಸುರಿಯಿತು. ಚಿಕ್ಕಮಗಳೂರು ಪಟ್ಟಣದ ಮಗ್ಗುಲಲ್ಲೇ ಇರುವ ಕರ್ತಿಕೆರೆಯಲ್ಲಿ ಆ ಉರುಟುಗಲ್ಲುಗಳು ಒಂದಕ್ಕೊಂದು ಬೆಸೆದು ನಿಂತ ಪದರವಿದೆ. ಕೆಳಗೆ ಹಳೆಯ ಗ್ರಾನೈಟ್, ಮೇಲೆ ಹೊಸ ಯುಗದ ನಿಕ್ಷೇಪ; ನಡುವೆ ಅಳಿಸಿಹೋದ ಕೋಟ್ಯಂತರ ವರ್ಷಗಳ ಮೌನ. ಒಂದು ರಾಜ್ಯ ಮುಗಿದು ಇನ್ನೊಂದು ಆರಂಭವಾದ ಗೆರೆಯನ್ನು ಕೈಯಿಂದ ಮುಟ್ಟಿ ತೋರಿಸಬಹುದಾದ ಸ್ಥಳ ಅದು. ಈ ತಳಪದರದ ಕುಲಕ್ಕೇ ಸೇರಿದ ಉರುಟುಗಲ್ಲಿನ ಶಿಲೆಗಳಲ್ಲಿ, ಪಶ್ಚಿಮಘಟ್ಟದ ವಾಲ್ಕುಂಜಿಯಂಥ ಕಡೆಗಳಲ್ಲಿ, ಪೈರೈಟ್ ಮತ್ತು ಯುರೇನಿಯಂ ಖನಿಜದ ಕಣಗಳು ಹೊಳೆಮರಳಿನೊಂದಿಗೆ ಉರುಳಿ ಬಂದು ಸೇರಿಕೊಂಡಿವೆ. ಇಂದಿನ ಹೊಳೆಯಲ್ಲಿ ಅವು ಉರುಳಿ ಬರಲಾರವು. ಗಾಳಿಯ ಆಮ್ಲಜನಕ ದಾರಿಯಲ್ಲೇ ಅವನ್ನು ತುಕ್ಕು ಹಿಡಿಸಿ ಕರಗಿಸಿಬಿಡುತ್ತದೆ. ಅಂದು ಅವು ಅಕ್ಷತವಾಗಿ ಬಂದವೆಂದರೆ ಅಂದಿನ ಆಕಾಶದಲ್ಲಿ ಆಮ್ಲಜನಕವೇ ಇರಲಿಲ್ಲ ಎಂದರ್ಥ. ನಾವು ಒಂದು ಗಳಿಗೆಯೂ ಉಸಿರಾಡಲಾಗದ ಲೋಕದಲ್ಲಿ ನಮ್ಮ ಮಲೆನಾಡಿನ ಅಡಿಪಾಯ ಬಿದ್ದಿತು.

ಆ ಅಡಿಪಾಯದ ಮೇಲೆ ನೀರಿಗೂ ಬೆಂಕಿಗೂ ದೀರ್ಘ ಸಂಗ್ರಾಮ ನಡೆಯಿತು. ಬಾಬಾಬುಡನ್ ಸಮೂಹವೆಂದು ಹೆಸರಾದ ಈ ಶಿಲಾವಳಿಯನ್ನು ವಿದ್ವಾಂಸರು ಕೆಳಗಿನಿಂದ ಮೇಲಕ್ಕೆ ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ ಎಂದು ವಿಂಗಡಿಸಿದ್ದಾರೆ; ನಮ್ಮ ಸುತ್ತಲಿನ ಊರುಗಳ ಹೆಸರುಗಳೇ ಭೂಮಿಯ ಪುರಾಣಕ್ಕೆ ಅಧ್ಯಾಯಗಳಾಗಿವೆ. ಮೊದಲ ಅಧ್ಯಾಯದಲ್ಲಿ ನದಿಗಳೂ ಆಳವಿಲ್ಲದ ನೀರೂ ಹರಡಿದ ಮರಳು ಗಟ್ಟಿಯಾಗಿ ಕ್ವಾರ್ಟ್‌ಜೈಟ್ ಆಯಿತು; ಅದರ ಮೈಮೇಲೆ ಅಲೆಯಾಡಿದ ಗುರುತುಗಳು, ಪ್ರವಾಹ ಓರೆಯಾಗಿ ಕಟ್ಟಿದ ಪದರಗಳು ಉಳಿದಿವೆ. ನೀರು ಯಾವ ದಿಕ್ಕಿಗೆ ಹರಿಯಿತು, ದಡ ಎಷ್ಟು ಹತ್ತಿರವಿತ್ತು ಎಂಬುದನ್ನು ಆ ಗುರುತುಗಳಿಂದ ಇಂದಿಗೂ ಓದಬಹುದು. ಅಷ್ಟರಲ್ಲಿ ನೆಲ ಬಿರಿಯಿತು. ಲಾವಾ ಉಕ್ಕಿ ಮರಳನ್ನು ಮುಚ್ಚಿತು, ಲಾವಾ ತಣಿದ ಮೇಲೆ ನೀರು ಮರಳಿ ಬಂದು ತನ್ನ ಮರಳನ್ನು ಹಾಸಿತು, ಮತ್ತೆ ಲಾವಾ. ಅಲ್ಲಂಪುರದ ಕಾಲ ಬಹುಮಟ್ಟಿಗೆ ಅಗ್ನಿಯದು. ಸಂತವೇರಿಯ ಕಾಲದಲ್ಲಿ ಅಗ್ನಿ ಹಲವು ರೂಪಗಳಲ್ಲಿ ಕಾಣಿಸಿಕೊಂಡು, ಕರಿಯ ಬಸಾಲ್ಟಿನ ಜೊತೆಗೆ ತಿಳಿಬಣ್ಣದ ಜ್ವಾಲಾಶಿಲೆಗಳನ್ನೂ ಕಕ್ಕಿತು. ಗೆದ್ದವರು ಸೋತವರನ್ನು ಹೂತು ಅವರ ಮೇಲೆ ಕೋಟೆ ಕಟ್ಟುವ ಪದ್ಧತಿಗೆ ಇದಕ್ಕಿಂತ ಹಳೆಯ ನಿದರ್ಶನ ನಮ್ಮ ನಾಡಿನಲ್ಲಿ ಅಪರೂಪ. ಕೊನೆಗೆ ನೆಲ ತನ್ನ ಭಾರಕ್ಕೆ ತಾನೇ ಕುಸಿಯಿತು, ದಡ ದೂರ ಸರಿಯಿತು, ಮರಳು ತರುವ ಹೊಳೆಗಳ ಕೈ ಇಲ್ಲಿಗೆ ಎಟುಕದಾಯಿತು. ಅಗ್ನಿಯ ದಂಡಯಾತ್ರೆಗಳು ದಣಿದ ಮೇಲೆ, ಯಾವ ಅಬ್ಬರವೂ ಇಲ್ಲದೆ, ಆಳವಾದ ಸಮುದ್ರ ಬಂದು ಸಿಂಹಾಸನವೇರಿತು.

ಆ ಸಮುದ್ರದ ಸಂಪತ್ತು ಕಬ್ಬಿಣ. ಕಡಲತಳದ ಬಿಸಿಬುಗ್ಗೆಗಳು ಭೂಗರ್ಭದಿಂದ ತಂದ ಕಬ್ಬಿಣ ಆಮ್ಲಜನಕವಿಲ್ಲದ ನೀರಿನಲ್ಲಿ ಉಪ್ಪಿನಂತೆ ಕರಗಿ ದಿಗಂತದಿಂದ ದಿಗಂತದವರೆಗೆ ತುಂಬಿತ್ತು. ಆ ನೀರಿನ ಮೇಲ್ಪದರದಲ್ಲಿ ಬಿಸಿಲನ್ನು ಉಂಡು ಬದುಕುವ ಸೂಕ್ಷ್ಮಜೀವಿಗಳಿದ್ದವು. ಅವುಗಳ ವ್ಯಾಪಾರದಿಂದ ಕರಗಿದ ಕಬ್ಬಿಣ ತುಕ್ಕಾಗಿ, ಕೆಂಪು ಮಳೆಯಾಗಿ, ತಳಕ್ಕೆ ಇಳಿಯಿತು. ಕಬ್ಬಿಣ ಇಳಿಯದ ಕಾಲದಲ್ಲಿ ನೀರಿನ ಸಿಲಿಕಾ ಇಳಿದು ಬಿಳಿಯ ಗೆರೆಯಾಯಿತು. ಕೆಂಪು, ಬಿಳಿ, ಕಪ್ಪು, ಮತ್ತೆ ಕೆಂಪು. ಬೆರಳಿನಷ್ಟು ದಪ್ಪದ, ಕೂದಲಿನಷ್ಟು ತೆಳುವಾದ ಪಟ್ಟೆಗಳು ಒಂದರ ಮೇಲೊಂದು ಏರುತ್ತ ಹೋದವು. ಮುಳ್ಳಯ್ಯನಗಿರಿಯ ಬಂಡೆಯ ಅಡ್ಡಸೀಳಿನಲ್ಲಿ ಕಾಣುವುದು ಈ ಪಟ್ಟೆಗಳೇ. ಅವುಗಳ ನಡುವೆ ಒಮ್ಮೊಮ್ಮೆ ದೂರದ ಜ್ವಾಲಾಮುಖಿಯ ಬೂದಿ ತೆಳ್ಳಗೆ ಹಾಸಿಹೋಗಿದೆ, ಆ ಬೂದಿಯಲ್ಲಿ ಜಿರ್ಕಾನ್ ಎಂಬ ಹರಳುಗಳಿವೆ. ಜಿರ್ಕಾನಿನ ಒಳಗಿನ ಯುರೇನಿಯಂ ನಿಯತ ವೇಗದಲ್ಲಿ ಸೀಸವಾಗುತ್ತದೆ. ಎರಡರ ಪ್ರಮಾಣ ಅಳೆದರೆ ಹರಳು ಹುಟ್ಟಿದ ಕಾಲ ತಿಳಿಯುತ್ತದೆ. ಆಸ್ಟ್ರೇಲಿಯಾದ ಭೂವಿಜ್ಞಾನಿ ಅಲೆಕ್ ಟ್ರೆಂಡಾಲ್ ಮತ್ತು ಸಂಗಡಿಗರು 1997ರಲ್ಲಿ ಮುಳ್ಳಯ್ಯನಗಿರಿಯ ಕಬ್ಬಿಣಪದರಗಳ ಬುಡದ ಹರಳುಗಳಿಂದ ಪಡೆದ ಉತ್ತರ 272 ಕೋಟಿ ವರ್ಷ, ಹೆಚ್ಚುಕಡಿಮೆ 70 ಲಕ್ಷ. ನಮ್ಮ ಎಷ್ಟೋ ಅರಸರ ಪಟ್ಟಾಭಿಷೇಕದ ವರ್ಷಕ್ಕೆ ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. ಈ ಸಮುದ್ರದ ಪಟ್ಟಾಭಿಷೇಕಕ್ಕೆ ಕಾಲನ ಮುದ್ರೆಯೇ ಬಿದ್ದಿದೆ.

ಸಮುದ್ರ ಅರಸಾಗಿದ್ದರೂ ಅದರ ವಿಧಿಯನ್ನು ಬರೆದವರು ಅದರ ಅತಿಸೂಕ್ಷ್ಮ ಪ್ರಜೆಗಳು. ಆ ಪ್ರಜೆಗಳ ಗುರುತು ನಮ್ಮ ಗಿರಿಗಳಿಂದ ಕೆಳಗಿಳಿದು ಪೂರ್ವಕ್ಕೂ ಉತ್ತರಕ್ಕೂ ನಡೆದರೆ ಸಿಗುತ್ತದೆ. ಚಿತ್ರದುರ್ಗ ಸೀಮೆಯ ಮಾರಿಕಣಿವೆ, ಭೀಮಸಮುದ್ರ, ಶಿವಮೊಗ್ಗದ ಕುಂಸಿ, ಇಲ್ಲೆಲ್ಲ ಸುಣ್ಣಶಿಲೆಯಲ್ಲಿ ಗುಮ್ಮಟದಂಥ, ಕಂಬದಂಥ, ಪದರಪದರವಾಗಿ ಬೆಳೆದ ಆಕೃತಿಗಳಿವೆ. ಇವು ಸ್ಟ್ರೊಮ್ಯಾಟೊಲೈಟುಗಳು, ಆಳವಿಲ್ಲದ ಬೆಚ್ಚನೆಯ ಕಡಲಂಚಿನಲ್ಲಿ ಸೂಕ್ಷ್ಮಜೀವಿಗಳ ಲೋಳೆಹಾಸು ಕೆಸರನ್ನು ಹಿಡಿದು, ಮೇಲೇರಿ, ಮತ್ತೆ ಹಿಡಿದು ಕಟ್ಟಿದ ಸೌಧಗಳು. ಸುಮಾರು 260 ಕೋಟಿ ವರ್ಷ ಪ್ರಾಯದ ಇವು ಕನ್ನಡನಾಡಿನ ಅತಿಪ್ರಾಚೀನ ಕಡಲಜೀವಿಗಳ ಪಳೆಯುಳಿಕೆಗಳ ಸಾಲಿಗೆ ಸೇರಿವೆ. ಇವುಗಳ ವಂಶಸ್ಥರು ಇಂದಿಗೂ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯ ಅತಿಲವಣ ನೀರಿನಲ್ಲಿ ಅದೇ ಗುಮ್ಮಟಗಳನ್ನು ಕಟ್ಟುತ್ತಿದ್ದಾರೆ. ಇವು ಬೆಳೆದ ಕಡೆ ಬಿಸಿಲು ತಳ ಮುಟ್ಟುತ್ತಿತ್ತೆಂದೂ, ದಡ ಸಮೀಪದಲ್ಲಿತ್ತೆಂದೂ ಖಚಿತ. ಹೀಗಾಗಿ ಚಿಪ್ಪಿಲ್ಲದ ಕಾಲದ ಕರಾವಳಿಯನ್ನು ಗುರುತಿಸಲು ಇವೇ ಗಡಿಗಲ್ಲುಗಳು: ಕಬ್ಬಿಣದ ಪಟ್ಟೆ ಇದ್ದಲ್ಲಿ ನಿಶ್ಚಲವಾದ ಆಳದ ನೀರು, ಸ್ಟ್ರೊಮ್ಯಾಟೊಲೈಟ್ ಇದ್ದಲ್ಲಿ ಬಿಸಿಲು ಬಿದ್ದ ತೀರ, ಉರುಟುಗಲ್ಲು ಇದ್ದಲ್ಲಿ ಹೊಳೆ ಇಳಿದ ದಡ. ಈ ಮೂರನ್ನು ನಕ್ಷೆಯ ಮೇಲೆ ಇಟ್ಟರೆ ಇಂದಿನ ಚಿಕ್ಕಮಗಳೂರು, ಶಿವಮೊಗ್ಗ, ಚಿತ್ರದುರ್ಗಗಳ ಮೇಲೆ ಕಾಲಕಾಲಕ್ಕೆ ಮುಂದೊತ್ತಿ ಹಿಂಜರಿದ ಕಡಲಿನ ಚಲನೆ ಗೋಚರಿಸುತ್ತದೆ.

ಈ ಕಟ್ಟುವವರ ಏಳಿಗೆಯಲ್ಲೇ ಕಬ್ಬಿಣದ ಕಡಲಿನ ನಾಶವಿತ್ತು. ಬಿಸಿಲಿನಿಂದ ಅನ್ನ ಮಾಡಿಕೊಳ್ಳುವಾಗ ಸಯನೋಬ್ಯಾಕ್ಟೀರಿಯಾಗಳೆಂಬ ಈ ಸೂಕ್ಷ್ಮಜೀವಿಗಳು ಬಿಸಾಡುತ್ತಿದ್ದ ಕಸವೇ ಆಮ್ಲಜನಕ. ಕೋಟಿ ಕೋಟಿ ವರ್ಷ ಆ ಕಸವನ್ನು ಸಮುದ್ರದ ಕಬ್ಬಿಣ ನುಂಗಿ ತುಕ್ಕಾಗಿಸಿತು. ಹಾಗೆ ನುಂಗುತ್ತಲೇ ತನ್ನ ಭಂಡಾರವನ್ನು ಬರಿದು ಮಾಡಿಕೊಂಡಿತು. ಸುಮಾರು 240 ಕೋಟಿ ವರ್ಷಗಳ ಹಿಂದೆ ಆಮ್ಲಜನಕ ನೀರನ್ನು ದಾಟಿ ಗಾಳಿಗೆ ನುಗ್ಗಿತು. ಅದುವರೆಗಿನ ಜೀವಕುಲದಲ್ಲಿ ಬಹುಪಾಲಿಗೆ ಅದು ವಿಷ. ಅವು ಕೆಸರಿಗೂ ಆಳಕ್ಕೂ ಓಡಿ ಅಡಗಿದವು. ಕಬ್ಬಿಣದ ಕಡಲುಗಳ ಯುಗ ಕ್ರಮೇಣ ಮುಗಿಯಿತು, ಅಂಥ ನೀರು ಭೂಮಿಯ ಮೇಲೆ ಮತ್ತೆ ಆ ಪ್ರಮಾಣದಲ್ಲಿ ತುಂಬಲೇ ಇಲ್ಲ. ಸಾಮ್ರಾಜ್ಯಗಳನ್ನು ಕೆಡವುವುದು ಹೊರಗಿನ ಶತ್ರುವೆಂದು ನಾವು ನಂಬುತ್ತೇವೆ. ಭೂಮಿಯ ಮೊದಲ ಮಹಾಸಾಮ್ರಾಜ್ಯವನ್ನು ಕೆಡವಿದ್ದು ಅದರ ಮಡಿಲಲ್ಲೇ ಬೆಳೆದ, ಯಾರ ಮೇಲೂ ದ್ವೇಷವಿಲ್ಲದ, ದಿನದಿನದ ಕಾಯಕವನ್ನು ಬಿಡದ ಪ್ರಜೆಗಳ ಯಶಸ್ಸು. ಮುಂದೆ ಬಂದ ಪ್ರತಿಯೊಂದು ಪ್ರಾಣಿಯೂ, ನಾವೂ, ಆ ಪತನದ ಫಲಾನುಭವಿಗಳು.

ಇತ್ತ ನಮ್ಮ ನೆಲದ ಭಾಗ್ಯ ಅದಕ್ಕೂ ಮೊದಲೇ ಬದಲಾಗಿತ್ತು. ಸುಮಾರು 250 ಕೋಟಿ ವರ್ಷಗಳ ಹಿಂದೆ ಬಾಬಾಬುಡನ್ ಸಮೂಹವನ್ನೂ ಒಳಗೊಂಡ ಧಾರವಾಡ ಶಿಲಾಸಮೂಹವೆಲ್ಲ ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡಿತು, ರಾಮನಗರದ ಬಂಡೆಗಳನ್ನು ಹುಟ್ಟಿಸಿದ ಗ್ರಾನೈಟ್ ಪಾತಾಳದಿಂದ ಉಕ್ಕಿ ನಾಡಿನ ಉದ್ದಕ್ಕೆ ಹೊಲಿಗೆ ಹಾಕಿತು, ಕರ್ನಾಟಕ ಗಟ್ಟಿಯಾದ ಭೂಖಂಡವಾಯಿತು. ಸಮುದ್ರ ಗಡಿಪಾರಾಯಿತು. ಬಹುಕಾಲದ ಮೇಲೆ ಬಾಗಲಕೋಟೆಯ ಕಲಾದಗಿ ಸೀಮೆಗೂ ಭೀಮಾತೀರಕ್ಕೂ ಅದು ಮರಳಿ ಬಂದು ಸುಣ್ಣಕಲ್ಲು ಹಾಸಿಹೋಯಿತು. ಬಾಬಾಬುಡನ್ನಿನ ನೆತ್ತಿಗೆ ಮಾತ್ರ ಮತ್ತೆ ಏರಲಿಲ್ಲ. ಏರದ ಸಮುದ್ರದ ಸೇಡನ್ನು ಮಳೆ ತೀರಿಸಿಕೊಂಡಿತು: ಕೋಟಿಗಟ್ಟಲೆ ವರ್ಷ ಸುರಿದು ಮೆತ್ತನೆಯದನ್ನೆಲ್ಲ ತೊಳೆದು ಒಯ್ದಿತು. ಕಬ್ಬಿಣ ಮತ್ತು ಸಿಲಿಕಾ ಬೆಸೆದ ಪಟ್ಟೆಬಂಡೆ ಮಾತ್ರ ಬಗ್ಗಲಿಲ್ಲ. ಸುತ್ತಲಿನ ನೆಲ ತಗ್ಗಿದಂತೆಲ್ಲ ಅದು ಎತ್ತರವಾಗಿ ಉಳಿಯಿತು. ಒಂದು ಕಾಲದ ಅತ್ಯಂತ ಆಳದ ತಳ ಇಂದು ಕರ್ನಾಟಕದ ಅತ್ಯುನ್ನತ ಶಿಖರ. ಕುದುರೆಲಾಳದಂತೆ ಬಾಗಿನಿಂತ ಬಾಬಾಬುಡನ್ ಶ್ರೇಣಿಯ ಆಕಾರ ಆ ಮಡಿಚಿದ ಕಡಲತಳದ ಅಂಚೇ ಆಗಿದೆ. ಎತ್ತರದ ಪದವಿ ಹುಟ್ಟಿನಿಂದ ಬಂದದ್ದಲ್ಲ, ಸವೆಯದೆ ನಿಂತದ್ದರಿಂದ ಬಂದದ್ದು.

ನಮ್ಮ ಇಂದಿನ ಕರಾವಳಿ ಇದಕ್ಕೆ ಹೋಲಿಸಿದರೆ ನಿನ್ನೆಯ ಪಾಳೇಗಾರ. ಗೊಂಡ್ವಾನಾ ಮಹಾಖಂಡ ಒಡೆದಾಗಲೂ ಮಡಗಾಸ್ಕರ್ ನಮ್ಮ ಪಶ್ಚಿಮದ ಮಗ್ಗುಲಿಗೆ ಅಂಟಿಕೊಂಡೇ ಇತ್ತು. ಮಂಗಳೂರಿನಿಂದ ಪಡುವಣಕ್ಕೆ ನಡೆದೇ ಹೋಗಬಹುದಾಗಿದ್ದ ಕಾಲ ಅದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಆ ನಂಟು ಕಡಿಯಿತು. ಕಡಿದ ಗಾಯದಿಂದ ಉಕ್ಕಿದ ಲಾವಾ ಮಲ್ಪೆಯ ಮುಂದಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬಕಂಬವಾಗಿ ತಣಿದು ನಿಂತಿದೆ. ಬಿರುಕಿನಲ್ಲಿ ಅರಬ್ಬೀ ಸಮುದ್ರ ತುಂಬಿತು, ಒಡೆದ ಅಂಚು ಸವೆಯುತ್ತ ಪೂರ್ವಕ್ಕೆ ಸರಿದು ಸಹ್ಯಾದ್ರಿಯ ಗೋಡೆಯಾಯಿತು. ಆ ಒಡಕಿನ ತೀರ್ಪು ನಮ್ಮ ಹೊಳೆಗಳ ಮೇಲೆ ಇಂದಿಗೂ ಜಾರಿಯಲ್ಲಿದೆ: ಕುದುರೆಮುಖದ ಗಂಗಾಮೂಲದಲ್ಲಿ ಹುಟ್ಟುವ ತುಂಗಾ, ಭದ್ರಾ, ನೇತ್ರಾವತಿಗಳಲ್ಲಿ ಮೊದಲ ಎರಡು ಪಕ್ಕದಲ್ಲೇ ಇರುವ ಕಡಲಿಗೆ ಬೆನ್ನುಹಾಕಿ ಪೂರ್ವದ ದೂರದಾರಿ ಹಿಡಿಯುತ್ತವೆ, ಮೂರನೆಯದು ಘಟ್ಟ ಧುಮುಕಿ ಮಂಗಳೂರು ಸೇರುತ್ತದೆ. ಕಳೆದ ಹಿಮಯುಗದಲ್ಲಿ, 20,000 ವರ್ಷಗಳ ಹಿಂದೆ, ಸಮುದ್ರ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿದ್ದು ಕರಾವಳಿ ಬಹುದೂರ ಪಡುವಣಕ್ಕಿತ್ತು. ಹಿಮ ಕರಗಿದಂತೆ ಕಡಲು ಮರಳಿ ಏರಿ ಈಗಿನ ದಡಕ್ಕೆ ಬಂದಿತು. ಕಡಲನ್ನು ಹಿಂದೆ ಸರಿಸಿ ನೆಲ ಪಡೆದ ಪರಶುರಾಮನ ಕಥೆಯನ್ನು ಹೇಳುತ್ತ ಬಂದ ಜನಕ್ಕೆ ದಡ ಶಾಶ್ವತವಲ್ಲವೆಂಬ ಮಾತು ಹೊಸತೇನಲ್ಲ.

ಚಿಪ್ಪುಗಳ ಯುಗದ ಸಮುದ್ರ ಈ ಗಿರಿಗಳಿಗೆ ತಾನಾಗಿ ಬರಲಿಲ್ಲ, ಭಕ್ತಿಯ ಹೆಗಲೇರಿ ಬಂದಿತು. ಕಳಸ, ಹೊರನಾಡು, ಶೃಂಗೇರಿ ಸೀಮೆಯ ಹಳೆಯ ಮನೆಗಳ ದೇವರ ಸಂಪುಟದಲ್ಲಿರುವ ಸಾಲಿಗ್ರಾಮಗಳು ನೇಪಾಳದ ಮುಕ್ತಿನಾಥದ ಕೆಳಗೆ ಹರಿಯುವ ಗಂಡಕಿಯವು. ಅವುಗಳೊಳಗಿನ ಚಕ್ರ ಅಮ್ಮೊನೈಟ್ ಎಂಬ ಕಡಲಪ್ರಾಣಿಯ ಸುರುಳಿಚಿಪ್ಪು. ಸುಮಾರು 15 ಕೋಟಿ ವರ್ಷಗಳ ಹಿಂದೆ ಭಾರತಕ್ಕೂ ಏಷ್ಯಾಕ್ಕೂ ನಡುವೆ ಹರಡಿದ್ದ ಟೆಥಿಸ್ ಸಮುದ್ರದ ಪ್ರಜೆ. ಆ ಸಮುದ್ರವನ್ನು ಎರಡು ಭೂಖಂಡಗಳು ಅಪ್ಪಳಿಸಿ ಹಿಸುಕಿ ಹಿಮಾಲಯವಾಗಿಸಿದವು. ಅಮ್ಮೊನೈಟ್ ಕುಲ ಅದಕ್ಕೂ ಮೊದಲೇ, 6.6 ಕೋಟಿ ವರ್ಷಗಳ ಹಿಂದೆ, ಡೈನೋಸಾರುಗಳ ಜೊತೆಗೇ ನಿರ್ವಂಶವಾಗಿತ್ತು. ಅಳಿದ ಸಮುದ್ರದ ಅಳಿದ ಜೀವಿಗೆ ನಿತ್ಯ ಅಭಿಷೇಕ ನಡೆಯುವ ನಾಡು ನಮ್ಮದು. ಕಬ್ಬಿಣದ ಕಡಲಿನ ಬೆಟ್ಟದ ತಪ್ಪಲಲ್ಲಿ ಟೆಥಿಸ್ ಕಡಲಿನ ಚಿಪ್ಪಿಗೆ ತುಳಸಿ ಏರಿಸುವ ಕೈಗೆ, ಅರಿತೋ ಅರಿಯದೆಯೋ, ಪ್ರಾಚೀನತೆಯ ಗೌರವ ತಿಳಿದಿತ್ತು.

ಆ ಗೌರವ ಶಾಸ್ತ್ರದ ರೂಪ ಪಡೆದದ್ದು ಈಚೆಗೆ. ಧಾರವಾಡ ಶಿಲಾವರ್ಗವನ್ನು 1880ರ ದಶಕದಲ್ಲಿ ಗುರುತಿಸಿದ ರಾಬರ್ಟ್ ಬ್ರೂಸ್ ಫೂಟ್, 1894ರಲ್ಲಿ ಸ್ಥಾಪನೆಯಾದ ಮೈಸೂರು ಭೂವಿಜ್ಞಾನ ಇಲಾಖೆ, 1913ರಲ್ಲಿ ಕುದುರೆಮುಖದ ಅದಿರನ್ನು ಕಂಡ ಸಂಪತ್ ಅಯ್ಯಂಗಾರ್, ಬಾಬಾಬುಡನ್ನಿನ ಕಬ್ಬಿಣಶಿಲೆಗಳ ಬೆನ್ನುಹತ್ತಿದ ಸಿ.ಎಸ್. ಪಿಚ್ಚಮುತ್ತು, 1958ರಲ್ಲಿ ಭಾರತೀಯ ಭೂವಿಜ್ಞಾನ ಸಂಘವನ್ನು ಕಟ್ಟಿದ ಬಿ.ಪಿ. ರಾಧಾಕೃಷ್ಣ, ಇವರೆಲ್ಲ ಕಬ್ಬಿಣದ ಕಡಲಿನ ಆಸ್ಥಾನದ ವಂಶಾವಳಿಕಾರರು. ಅವರ ಹಿಂದೆಯೇ ರಾಜ್ಯದ ಮಹತ್ವಾಕಾಂಕ್ಷೆಯೂ ಬಂದಿತು. ಕೆಮ್ಮಣ್ಣುಗುಂಡಿಯ ಅದಿರು ತೂಗುಹಗ್ಗದ ದಾರಿಯಲ್ಲಿ ಇಳಿದು ಭದ್ರಾವತಿಯ ಕುಲುಮೆಗೆ ಸೇರಿತು. 1923ರಲ್ಲಿ ಅಲ್ಲಿ ಮೈಸೂರಿನ ಕಬ್ಬಿಣ ಹರಿಯಿತು. ಕುದುರೆಮುಖಕ್ಕೆ ಇರಾನಿನ ಶಾಹನ ಸಾಲದ ಭರವಸೆಯೊಂದಿಗೆ 1976ರಲ್ಲಿ ದೊಡ್ಡ ಕಂಪನಿ ಬಂದಿತು. 1979ರಲ್ಲಿ ಶಾಹನ ಸಿಂಹಾಸನವೇ ಉರುಳಿ ಒಪ್ಪಂದ ಮುರಿಯಿತು, ಗಣಿ ಮಾತ್ರ ನಿಲ್ಲಲಿಲ್ಲ. ಬೆಟ್ಟವನ್ನು ಪುಡಿಮಾಡಿ, ನೀರಿನೊಂದಿಗೆ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿನ ಬಂದರಿಗೆ ಹರಿಸಲಾಯಿತು. 270 ಕೋಟಿ ವರ್ಷಗಳ ಹಿಂದೆ ಕಡಲತಳಕ್ಕೆ ಇಳಿದ ಕಬ್ಬಿಣ ಮತ್ತೆ ನೀರಿನೊಡನೆ ಕಡಲತೀರಕ್ಕೆ ಮರಳಿತು. 2002ರ ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ರಂದು ಆ ಗಣಿ ಮುಚ್ಚಿತು.

ಕಾಡು, ಹುಲಿ, ಭದ್ರೆಯ ನೀರು ಉಳಿಯಬೇಕೆಂದು ಆ ತೀರ್ಪು ಬಂದಿತು, ಅದು ನ್ಯಾಯವೇ. ಆದರೆ ಅದು ಉಳಿಸಿದ್ದು ಕಾಡಿಗಿಂತ ಹಳೆಯದನ್ನು ಕೂಡ. ಹೊಯ್ಸಳರ ಒಂದು ಕಂಬ ಮುರಿದರೆ ನಾವು ಮರುಗುತ್ತೇವೆ, ಹಲ್ಮಿಡಿಯ ಶಾಸನವನ್ನು ಜೋಪಾನವಾಗಿ ಕಾಪಾಡುತ್ತೇವೆ. ಕರ್ತಿಕೆರೆಯ ಉರುಟುಗಲ್ಲಿನ ಪದರಕ್ಕೂ ಮಾರಿಕಣಿವೆಯ ಗುಮ್ಮಟಶಿಲೆಗೂ ಅದೇ ಮರ್ಯಾದೆ ಸಲ್ಲಬೇಕು, ಏಕೆಂದರೆ ಅವು ಯಾವ ಒಬ್ಬ ಅರಸನ ಕೀರ್ತಿಯನ್ನೂ ಹೇಳದೆ ನಮ್ಮೆಲ್ಲರ ಉಸಿರಿನ ಮೂಲವನ್ನು ಹೇಳುತ್ತವೆ. ಜಲ್ಲಿಯಾಗಿ ಒಡೆದ ಶಾಸನವನ್ನು ಯಾವ ವಿದ್ವಾಂಸನೂ ಓದಲಾರ. ಕನ್ನಡಿಗ ತನ್ನ ವಂಶವನ್ನು ಸಳನಲ್ಲಿಗೆ ನಿಲ್ಲಿಸದೆ ಮುಳ್ಳಯ್ಯನಗಿರಿಯ ಕಬ್ಬಿಣದ ಪಟ್ಟೆಗಳವರೆಗೆ ಒಯ್ದರೆ ಅವನ ಅಭಿಮಾನಕ್ಕೆ ಅವನ ಬೆಟ್ಟಗಳಷ್ಟೇ ಎತ್ತರ ಬರುತ್ತದೆ. ಆ ಅಭಿಮಾನವುಳ್ಳವನು ಆ ಬಂಡೆಗಳ ಕಾವಲಿಗೂ ನಿಲ್ಲುತ್ತಾನೆ.